ಅಂಚೆಯಣ್ಣನ ಮರ

ಬದುಕಿರುವವನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಅದಕ್ಕೆ ಏನಾದರೊಂದು ದಾರಿಯಿದೆ. ಎದುರಿಗೆ ಸಿಕ್ಕಾಗ ಮುಖ ತಿರುಗಿಸಬಹುದು, ಕಾಲ್ಕೆರೆದು ಜಗಳ ತೆಗೆಯಬಹುದು, ಏನೂ ಆಗದಿದ್ದರೆ ಅವನ ಚಪ್ಪಲಿಯನ್ನಾದರೂ ಎತ್ತಿ ಮೋರಿಗೆ ಎಸೆಯಬಹುದು. ನಮ್ಮ ಮೇಸ್ತ್ರಿಗೆ ಆ ಭಾಗ್ಯವೂ ಇರಲಿಲ್ಲ. ಅವನ ಹೊಟ್ಟೆಕಿಚ್ಚೆಲ್ಲ ಸತ್ತು ಎಷ್ಟೋ ವರ್ಷವಾಗಿದ್ದ ಒಬ್ಬ ಅಂಚೆಯವನ ಮೇಲೆ. ಅದೂ ತನ್ನ ಹೆಂಡತಿಯ ಮೊದಲ ಗಂಡನ ಮೇಲೆ.

ಮೇಸ್ತ್ರಿ ಎಂದರೆ ಮರಗೆಲಸದ ಮೇಸ್ತ್ರಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ತಗಡಿನ ಮಾಡಿನ ಕೆಳಗೆ, ಮರದ ಹೊಟ್ಟಿನ ರಾಶಿಯ ನಡುವೆ ಅವನ ಬದುಕು ನಡೆದಿತ್ತು. ಬಾಗಿಲು, ಕಿಟಕಿ, ಮಂಚ, ಅಂಗಡಿಗಳಿಗೆ ಗಲ್ಲಾಪೆಟ್ಟಿಗೆ, ಏನು ಹೇಳಿದರೂ ಮಾಡಿಕೊಡುತ್ತಿದ್ದ. ಮದುವೆಯ ವಯಸ್ಸಿನಲ್ಲಿ ಕೈಯಲ್ಲಿ ಕೆಲಸವಿರಲಿಲ್ಲ. ಕೆಲಸ ಕೈತುಂಬ ಬರುವ ಹೊತ್ತಿಗೆ ಹೆಣ್ಣು ಕೊಡುತ್ತೇವೆನ್ನುವವರು ಇರಲಿಲ್ಲ. ಹೀಗೇ ಕೂದಲು ಅರ್ಧ ಬೆಳ್ಳಗಾಗಿ, ಇನ್ನು ತನ್ನ ಪಾಲಿಗೆ ಈ ಗರಗಸವೇ ಗತಿ ಎಂದು ಅವನು ತಣ್ಣಗೆ ಕೂತಿದ್ದಾಗ, ನರ್ಸ್ ಹುಡುಗಿಯರ ಹಾಸ್ಟೆಲ್ಲಿನ ಅಡುಗೆಮನೆಯ ಬಾಗಿಲು ಉಬ್ಬಿ ಹಾಕಲು ಬಾರದೆ ಹೋಯಿತು. ರಿಪೇರಿಗೆ ಇವನನ್ನು ಕರೆದರು. ಅಲ್ಲಿ ಅಡುಗೆ ಮಾಡುತ್ತಿದ್ದಾಕೆಯೇ ಮುಂದೆ ಇವನ ಹೆಂಡತಿಯಾದವಳು.

ಬಾಗಿಲು ಒಂದೇ ದಿನದಲ್ಲಿ ಸರಿಹೋಯಿತು. ಮೇಸ್ತ್ರಿ ಸರಿಹೋಗಲಿಲ್ಲ. ಆಮೇಲೆ ಹಾಸ್ಟೆಲ್ಲಿನ ಬೆಂಚುಗಳ ಕಾಲು ಅಲ್ಲಾಡುವುದು ಅವನ ಕಣ್ಣಿಗೆ ಬಿತ್ತು, ಕಪಾಟಿನ ಹಲಗೆ ಬಾಗಿರುವುದು ಕಂಡಿತು, ಕಿಟಕಿಯ ಕೊಂಡಿ ಕೂಡ ಇವನನ್ನೇ ಕೂಗಿ ಕರೆಯಿತು. ವಾರ್ಡನ್ ಒಮ್ಮೆ ನಕ್ಕು, "ಮೇಸ್ತ್ರಿ, ಇನ್ನು ಈ ಕಟ್ಟಡದಲ್ಲಿ ರಿಪೇರಿ ಮಾಡೋಕೆ ಉಳಿದಿರೋದು ನೀವೊಬ್ಬರೇ" ಅಂದರು. ಎರಡು ವರ್ಷ ಹತ್ತಿರ ಹೀಗೆ ಸುತ್ತಿ ಸುತ್ತಿ, ಒಂದು ದಿನ ಬಾಯಿ ಒಣಗಿಸಿಕೊಂಡು ಕೇಳಿಯೇ ಬಿಟ್ಟ. ಅವಳು ತಟ್ಟೆ ತೊಳೆಯುವುದನ್ನು ನಿಲ್ಲಿಸದೆ, "ಇಷ್ಟು ದಿನ ಬೇಕಾಯ್ತಾ ಇದನ್ನ ಕೇಳೋಕೆ?" ಅಂದಳು. ನೋಂದಣಿ ಕಚೇರಿಗೆ ಹೋಗಿ ಇಬ್ಬರೂ ಸಹಿ ಹಾಕಿ ಬಂದರು.

ಅವನಿಗಿದ್ದದ್ದು ಕೆಲಸದ ಜಾಗದ ಹಿಂದಿನ ಒಂದು ಗೂಡು. ಅವಳಿಗೆ ಎರಡು ಕೋಣೆ, ಅಡುಗೆಮನೆ, ಹಿತ್ತಲು ಇದ್ದ ಸ್ವಂತ ಮನೆ. ಹಾಗಾಗಿ ಪೆಟ್ಟಿಗೆ ಹೊತ್ತು ಅಲ್ಲಿಗೆ ಹೋದವನು ಇವನೇ. ಹೋದ ಕೂಡಲೇ ಕಣ್ಣಿಗೆ ಬಿದ್ದದ್ದು ನಡುಕೋಣೆಯ ಗೋಡೆ. ಅಲ್ಲೊಂದು ಫೋಟೋ ಇದ್ದಿರಬೇಕು. ಹೆಂಡತಿ ಅದನ್ನು ತೆಗೆದಿಟ್ಟಿದ್ದಳು. ಆದರೆ ಅದು ಇದ್ದ ಜಾಗದಲ್ಲಿ ಬಣ್ಣ ಮಾಸದೆ ಒಂದು ಚೌಕ ಉಳಿದಿತ್ತು. ಫೋಟೋ ಇದ್ದಿದ್ದರೆ ಒಂದು ಮುಖವನ್ನಷ್ಟೇ ನೋಡಬೇಕಿತ್ತು. ಈ ಖಾಲಿ ಚೌಕದಲ್ಲಿ ಮೇಸ್ತ್ರಿಗೆ ದಿನಕ್ಕೊಂದು ಮುಖ ಕಾಣಿಸತೊಡಗಿತು, ಒಂದಕ್ಕಿಂತ ಒಂದು ಚೆಂದ! ವಾರ ಕಳೆಯುವುದರೊಳಗೆ ಸುಣ್ಣದ ಬಕೆಟ್ ತಂದು ಇಡೀ ಕೋಣೆಗೆ ಬಳಿದು ಹಾಕಿದ. ಹೆಂಡತಿ ಮನೆ ಹೊಸದಾಯಿತು ಎಂದು ಸಂತೋಷಪಟ್ಟಳು.

ಗೋಡೆಗೇನೋ ಸುಣ್ಣ ಬಳಿಯಬಹುದು. ಹಿತ್ತಲಿನ ಮರಕ್ಕೆ ಏನು ಬಳಿಯುವುದು?

ಅದು ಅಗಸೆಯ ಮರ. ಎಣ್ಣೆ ತೆಗೆಯುವ ಬೀಜದ ಅಗಸೆಯಲ್ಲ, ಇದು ಮರದಗಸೆ. ಹುಣಸೆಯಂಥ ಸಣ್ಣ ಎಲೆ, ಗಿಣಿಯ ಕೊಕ್ಕಿನ ಹಾಗೆ ಬಾಗಿದ ದೊಡ್ಡ ಬಿಳಿ ಹೂವು. ಎಲೆಯನ್ನೂ ತಿನ್ನಬಹುದು, ಹೂವನ್ನೂ ತಿನ್ನಬಹುದು. ಮೇಸ್ತ್ರಿ ಮೊದಲ ದಿನ ಹಿತ್ತಲಿಗೆ ಬಂದಾಗ ಅದು ಮಾಡನ್ನು ದಾಟಿ ಮೇಲೆ ಹೋಗಿತ್ತು. ಬುಡ ಇವನ ತೊಡೆಯಷ್ಟು ದಪ್ಪ. ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ನೋಡಿದ್ರಾ ನಮ್ಮ ಅಂಚೆಯಣ್ಣನ ಮರ? ಇಡೀ ಓಣಿಗೆ ಇದೊಂದೇ" ಅಂದರು.

ಅಷ್ಟೇ ಸಾಕಾಯಿತು. ಮೇಸ್ತ್ರಿ ಬುಡವನ್ನು ಎರಡು ಕೈಯಿಂದ ಅಳೆದ. ಯಾವ ಮರದ ದಿಮ್ಮಿಯನ್ನಾದರೂ ಅಪ್ಪಿ ಹಿಡಿದು ಇದು ಇಷ್ಟು ವರ್ಷದ್ದು ಎಂದು ಹೇಳುವುದು ಅವನ ವೃತ್ತಿಯ ಹೆಮ್ಮೆ. ತೇಗವಾಗಲಿ ಹೊನ್ನೆಯಾಗಲಿ, ಅವನ ಲೆಕ್ಕ ತಪ್ಪಿದ್ದೇ ಇಲ್ಲ. ಈ ದಪ್ಪಕ್ಕೆ ಹತ್ತು ಹನ್ನೆರಡು ವರ್ಷವಾದರೂ ಆಗಿರಬೇಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ. ಅಂದರೆ ಆ ಅಂಚೆಯವನು ನೆಟ್ಟದ್ದು, ಅವನೇ ನೀರು ಹಾಕಿದ್ದು, ಇಬ್ಬರೂ ಹೊಸದಾಗಿ ಮದುವೆಯಾಗಿದ್ದಾಗ ಈ ಬುಡದಲ್ಲೇ ಕೂತು ಕಾಫಿ ಕುಡಿದದ್ದು. ಕಾಫಿಯ ಲೋಟವೂ ಅವನ ಕಣ್ಣಿಗೆ ಕಟ್ಟಿತು. ಮರದಗಸೆಯ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಆ ಹಗುರ ಮರದಿಂದ ಒಂದು ಸ್ಟೂಲು ಕೂಡ ಆಗುವುದಿಲ್ಲ, ಅದನ್ನು ಯಾವ ಬಡಗಿ ತಾನೇ ಮುಟ್ಟುತ್ತಾನೆ?

ಅಂದಿನಿಂದ ಶುರುವಾಯಿತು ನೋಡಿ. ಹೆಂಡತಿ ಬೆಳಕು ಹರಿಯುವ ಮೊದಲೇ ಎದ್ದು ಕೊಕ್ಕೆ ಕಟ್ಟಿದ ದೋಟಿ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಬಿಸಿಲು ಏರಿದರೆ ಹೂವು ಬಾಡುತ್ತದೆ. ಕಿತ್ತ ಹೂವನ್ನು ಮೊರದಲ್ಲಿ ಹರಡಿಕೊಂಡು, ಒಂದೊಂದನ್ನೂ ಬಿಡಿಸಿ, ಒಳಗಿನ ಕಹಿ ಕೇಸರವನ್ನು ಉಗುರಿನಿಂದ ಎಳೆದು ತೆಗೆಯುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ಮಾತಾಡುತ್ತಿರಲಿಲ್ಲ. ತುಟಿಯ ಅಂಚಿನಲ್ಲಿ ಒಂದು ನಗು ಮಾತ್ರ ಇರುತ್ತಿತ್ತು. ಮೇಸ್ತ್ರಿ ಕಿಟಕಿಯ ಹಿಂದೆ ನಿಂತು ಆ ನಗುವನ್ನು ನೋಡುತ್ತ ಒಳಗೊಳಗೇ ಬೇಯುತ್ತಿದ್ದ. ನನ್ನ ಜೊತೆ ಕೂತಾಗ ಇವಳು ಹೀಗೆ ನಕ್ಕಿದ್ದಾಳಾ? ಆ ಸತ್ತವನನ್ನು ನೆನೆಸಿಕೊಂಡು ನಗುತ್ತಾಳೆ, ಬದುಕಿರುವ ನನಗೆ ಅನ್ನ ಬಡಿಸುತ್ತಾಳೆ!

ಇನ್ನು ಓಣಿಯವರ ಬಾಯಿ ಕೇಳಬೇಕೆ. ಹಾಲಿನವನು ಬಂದರೆ, "ಅಂಚೆಯಣ್ಣನ ಕೈಗುಣ ನೋಡಿ, ಮರ ಹೇಗೆ ಬಿಟ್ಟಿದೆ!" ಮೂಲೆ ಅಂಗಡಿಯವಳು ಬಂದರೆ, "ಅಂಚೆಯಣ್ಣ ಹೋದರೂ ಅವರ ಹೂವು ತಿನ್ನೋ ಋಣ ನಮಗಿದೆ." ಅಂಚೆಯಣ್ಣ ಮಳೆಯಲ್ಲಿ ನೆನೆದು ಕಾಗದ ತಲುಪಿಸಿದ್ದು, ಅಂಚೆಯಣ್ಣ ಓದು ಬಾರದವರಿಗೆ ಕಾಗದ ಓದಿ ಹೇಳಿದ್ದು, ಅಂಚೆಯಣ್ಣ ಯಾರ ಮೇಲೂ ದನಿ ಎತ್ತದೆ ಇದ್ದದ್ದು. ಈ ಮನುಷ್ಯ ಜೀವಮಾನದಲ್ಲಿ ಒಂದು ತಪ್ಪನ್ನಾದರೂ ಮಾಡಲಿಲ್ಲವೇ ಎಂದು ಮೇಸ್ತ್ರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಸತ್ತವರಿಗೆ ಅದೊಂದು ಅನುಕೂಲ. ಮತ್ತೆ ತಪ್ಪು ಮಾಡುವ ಹಾಗಿಲ್ಲ.

ಅವನಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಬಾಗಿಲು ಭದ್ರವಾಗಿರಲಿ, ಮನೆಯಲ್ಲಿ ಒಂದು ಗಂಡು ದನಿ ಇರಲಿ ಎಂದಲ್ಲ, ನೀವೇ ಬೇಕು ಎಂದು ನಿಮ್ಮನ್ನು ಕಟ್ಟಿಕೊಂಡೆ ಎಂದು ಅವಳು ಒಂದು ಸಲ ಬಾಯಿಬಿಟ್ಟು ಹೇಳಬೇಕಿತ್ತು. ಅದನ್ನು ಕೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಕೇಳಿದರೆ ಅವಳು ಸುಳ್ಳು ಹೇಳಬಹುದು, ಅಥವಾ ನಿಜ ಹೇಳಬಹುದು. ಎರಡಕ್ಕೂ ಅವನಿಗೆ ಹೆದರಿಕೆ.

ಒಂದು ದಿನ ಸುಳಿವು ಹಾಕಿ ನೋಡಿದ.

"ಈ ಮರ ಕಾಂಪೌಂಡಿಗೆ ತೀರಾ ಹತ್ತಿರ ಆಯ್ತು. ಬೇರು ಗೋಡೆ ಒಡೆಯುತ್ತೆ. ತೆಗೆಸಿಬಿಡೋಣ್ವಾ?"

"ಅಯ್ಯೋ, ಬೇಡ ರೀ!" ಎಂದಳು ಹೆಂಡತಿ, ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು. "ಬೇರೆ ಏನು ಬೇಕಾದ್ರೂ ತೆಗೀರಿ. ಇದೊಂದು ಇರ್ಲಿ." ಹೇಳುವಾಗ ಅವಳ ಕೆನ್ನೆ ಸ್ವಲ್ಪ ಕೆಂಪಾಯಿತು.

ಆ ಕೆಂಪು ಅವನ ಹೊಟ್ಟೆಯೊಳಗೆ ಕೆಂಡ ಸುರಿಯಿತು. ಅವತ್ತು ಅವನು ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದ. ಯಾಕೆ ಎಂದು ಅವಳು ಕೇಳಿದರೆ, ತಲೆನೋವು ಎಂದ.

ಓಣಿಯ ಕೊನೆಯಲ್ಲಿ ಆಡು ಸಾಕಿಕೊಂಡಿದ್ದ ಒಬ್ಬ ಮುದುಕಿ ಇದ್ದಳು. ಎಲ್ಲರಿಗೂ ಅವಳು ಆಡಿನಜ್ಜಿ. ಬಿದ್ದ ಸೊಪ್ಪನ್ನು ಆರಿಸಿಕೊಳ್ಳಲು ಆಗಾಗ ಹಿತ್ತಲಿಗೆ ಬರುತ್ತಿದ್ದಳು. ಒಂದು ಸಂಜೆ ಮೇಸ್ತ್ರಿಯೇ ಏಣಿ ಹಾಕಿ ಅವಳಿಗೆ ಒಂದಿಷ್ಟು ಕೊಂಬೆ ಕಡಿದುಕೊಟ್ಟ. ಮರಕ್ಕೆ ಒಂದೇಟು ಹಾಕಿದ ತೃಪ್ತಿಯಾದರೂ ಸಿಗಲಿ ಎಂದು.

"ಏಯ್, ಏಯ್, ನಿಲ್ಲಿಸೋ ಮಾರಾಯ!" ಅಜ್ಜಿ ಕೆಳಗಿಂದ ಕೋಲು ಎತ್ತಿದಳು. "ಅಗಸೆ ಬಲು ನಾಜೂಕಿನ ಮರ. ಪಕ್ಕದ ಕೊಂಬೆ ತೆಗಿ, ಬೇಡ ಅನ್ನಲ್ಲ. ತುದಿ ಮಾತ್ರ ಮುಟ್ಟಬೇಡ, ಎಲೆನೆಲ್ಲ ಒಂದೇ ಸಲ ಬೋಳಿಸಬೇಡ. ನನ್ನ ಮೈದುನ ಹಾಗೆ ಮಾಡಿ ಒಂದು ಸಾಲು ಮರನೇ ಕಳ್ಕೊಂಡ. ಮತ್ತೆ ಚಿಗುರಲ್ಲ ಕಣೋ, ನಿಂತಲ್ಲೇ ಒಣಗಿಹೋಗುತ್ತೆ."

"ಹೌದಾ ಅಜ್ಜಿ?" ಮೇಸ್ತ್ರಿ ಏಣಿಯ ಮೇಲೇ ನಿಂತು ಕೇಳಿದ. "ಪೂರ್ತಿ ಒಣಗುತ್ತಾ?"

"ಪೂರ್ತಿ."

ಅಜ್ಜಿ ಎಚ್ಚರಿಕೆ ಎಂದು ಹೇಳಿದ್ದನ್ನು ಮೇಸ್ತ್ರಿ ಪಾಠದ ಹಾಗೆ ಕಲಿತುಕೊಂಡ.

ಮಾರನೆಯ ದಿನದಿಂದ ಅವನಷ್ಟು ಧಾರಾಳಿ ಆ ಓಣಿಯಲ್ಲಿ ಇನ್ನೊಬ್ಬನಿಲ್ಲ. "ಬನ್ನಿ, ಬನ್ನಿ, ಎಷ್ಟು ಬೇಕೋ ಕಿತ್ಕೊಳ್ಳಿ" ಎಂದು ಹಾದಿಯಲ್ಲಿ ಹೋಗುವವರನ್ನೂ ಕೂಗಿ ಕರೆದ. ಮೇಷ್ಟ್ರ ಮನೆಗೆ ಬುಟ್ಟಿ ತುಂಬ ಸೊಪ್ಪು, ಹಾಲಿನವನಿಗೆ ಒಂದು ಹೊರೆ, ಹಾಸ್ಟೆಲ್ಲಿಗೆ ಗೋಣಿಚೀಲ ತುಂಬ ಹೂವು. ಯಾರಾದರೂ ಸಂಕೋಚಪಟ್ಟು ಒಂದು ಕೊಂಬೆ ಸಾಕು ಎಂದರೆ, ತಾನೇ ಏಣಿ ಏರಿ ನಾಲ್ಕು ಕೊಂಬೆ ಇಳಿಸುತ್ತಿದ್ದ. ಆಡಿನಜ್ಜಿ ಬೆನ್ನು ನೋವೆಂದು ಮಗಳ ಮನೆಗೆ ಹೋಗಿದ್ದಳು. ತಡೆಯುವವರು ಯಾರೂ ಇರಲಿಲ್ಲ. ಹೆಂಡತಿ ಮೊದಮೊದಲು ಹಿಗ್ಗಿದಳು. "ನಿಮ್ಮ ಕೈ ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ" ಎಂದಳು. ಆಮೇಲೆ ಬೋಳು ಕೊಂಬೆಗಳನ್ನು ನೋಡಿ, "ಸ್ವಲ್ಪ ಉಸಿರಾಡೋಕೆ ಬಿಡಿ ರೀ ಅದಕ್ಕೆ" ಎಂದು ಮೆಲ್ಲಗೆ ಹೇಳಿದಳು. ಚಿಗುರುತ್ತೆ ಬಿಡು ಎಂದ.

ಉಳಿದಿದ್ದದ್ದು ತುದಿ. ಹೆಂಡತಿ ಹಾಸ್ಟೆಲ್ಲಿಗೆ ಹೋದ ಒಂದು ಮಧ್ಯಾಹ್ನ ಅವನು ಸಣ್ಣ ಗರಗಸ ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ಹತ್ತಿದ. ಕೊಲ್ಲಲು ಬಂದವನು ಹೇಗೋ ಮುರಿದು ಎಸೆದು ಇಳಿಯಬೇಕಲ್ಲವೇ? ಕೈ ಕೇಳಲಿಲ್ಲ. ಮೊದಲು ಕೆಳಗಿನಿಂದ ಒಂದಿಷ್ಟು ಗೀರು ಕೊಟ್ಟು, ಆಮೇಲೆ ಮೇಲಿನಿಂದ ಇಳಿಸಿ, ತೊಗಟೆ ಒಂದು ಎಳೆಯೂ ಸೀಳದ ಹಾಗೆ, ನೀರು ನಿಲ್ಲದಂತೆ ಸ್ವಲ್ಪ ಓರೆಯಾಗಿ ಕೊಯ್ದ. ಕೊಯ್ದ ಜಾಗವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿಯೂ ನೋಡಿದ. ಸಂಜೆ ಹೆಂಡತಿ ಬಂದಾಗ, "ಮಧ್ಯಾಹ್ನ ಗಾಳಿ ಬಂತು ನೋಡು, ತುದಿ ಮುರಿದುಬಿತ್ತು" ಎಂದ. ಅವಳು ತಲೆಯೆತ್ತಿ ಬಹಳ ಹೊತ್ತು ನೋಡಿದಳು. ಅಷ್ಟು ಎತ್ತರದಲ್ಲಿ ಏನು ತಾನೇ ಕಾಣುತ್ತದೆ.

ಇದಾಗಿ ಒಂದಿಷ್ಟು ದಿನ ಮೇಸ್ತ್ರಿಗೆ ಹಾಯಾದ ನಿದ್ದೆ ಬಂತು. ಆಮೇಲೆ ಆದದ್ದನ್ನು ಕೇಳಿ. ಒಂದು ಬೆಳಿಗ್ಗೆ ಮೂಲೆ ಅಂಗಡಿಯ ಮುಂದೆ ಅವನು ಬೀಡಿ ಹಚ್ಚುತ್ತ ನಿಂತಿದ್ದ. ಓಣಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಅಗಸೆ ಸೊಪ್ಪು ಎಲ್ಲಿ ಸಿಗುತ್ತದೆ ಎಂದು ಅಂಗಡಿಯವಳನ್ನು ಕೇಳಿದಳು. ಅಂಗಡಿಯವಳು ಕೈ ತೋರಿಸಿ, "ಅಗೋ, ಮೇಸ್ತ್ರಿ ಮರದ್ದು. ಹೋಗಿ ಕೇಳಿ, ಬುಟ್ಟಿಗಟ್ಟಲೆ ಕೊಡ್ತಾರೆ. ಅಂಥ ಮನುಷ್ಯ" ಎಂದಳು.

ಮೇಸ್ತ್ರಿ ಮರ!

ಬೆಂಕಿಕಡ್ಡಿ ಅವನ ಬೆರಳನ್ನೇ ಸುಟ್ಟಿತು. ಮನೆಗೆ ಬರುವ ದಾರಿಯಲ್ಲಿ ಹಾಲಿನವನನ್ನು ಬೇಕೆಂದೇ ಮಾತಿಗೆಳೆದ. ಅವನ ಬಾಯಲ್ಲೂ ಅದೇ, ಮೇಸ್ತ್ರಿ ಮರ. ಮೇಷ್ಟ್ರು ಕೂಡ ಕಾಂಪೌಂಡಿನಾಚೆಯಿಂದ ತಮ್ಮ ಮೊಮ್ಮಗಳಿಗೆ, "ಮೇಸ್ತ್ರಿ ಮರದ ಕೆಳಗೆ ಆಡಬೇಡ, ಇರುವೆ ಕಚ್ಚುತ್ತೆ" ಎಂದದ್ದು ಕಿವಿಗೆ ಬಿತ್ತು. ಇಷ್ಟು ದಿನ ಹಲ್ಲು ಕಚ್ಚಿಕೊಂಡು ಬಯಸಿದ್ದು ತಾನಾಗಿಯೇ ಅಂಗೈಗೆ ಬಂದುಬಿದ್ದಿತ್ತು. ಅಂಚೆಯಣ್ಣನ ಹೆಸರು ಓಣಿಯ ಬಾಯಿಂದ ಜಾರಿಹೋಗಿತ್ತು. ಅವನು ಓಡಿ ಹಿತ್ತಲಿಗೆ ಹೋಗಿ ಮರವನ್ನು ಮೊದಲ ಸಲ ಪ್ರೀತಿಯಿಂದ ನೋಡಿದ.

ಮರದಲ್ಲಿ ಒಂದು ಚಿಗುರೂ ಇರಲಿಲ್ಲ. ಉಳಿದಿದ್ದ ಎಲೆ ಹಳದಿಯಾಗಿ ಉದುರುತ್ತಿತ್ತು. ತೊಗಟೆ ಮುಟ್ಟಿದರೆ ಸುಕ್ಕು.

ಆಮೇಲೆ ಅವನು ಪಟ್ಟ ಪಾಡು ನೋಡಿದವರಿಗೆ ಅಯ್ಯೋ ಎನಿಸಬೇಕು. ಬಕೆಟ್ಟುಗಟ್ಟಲೆ ನೀರು ಹೊತ್ತು ಹಾಕಿದ. ಎಲ್ಲಿಂದಲೋ ಗೊಬ್ಬರ ತಂದ. ಕೊಯ್ದ ತುದಿಗೆ ಮಣ್ಣು ಮೆತ್ತಿ ಬಟ್ಟೆ ಕಟ್ಟಿದ. ಕೆಲಸದ ಜಾಗದಲ್ಲಿ ಮಂಚ ಅರ್ಧಕ್ಕೇ ನಿಂತಿತು, ಗಿರಾಕಿಗಳು ಬೈದರು. ಹೆಂಡತಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. "ಅದರ ಮೇಲೆ ನಿಮಗೆ ಇಷ್ಟೊಂದು ಪ್ರೀತಿ ಇದೆ ಅಂತ ನಂಗೆ ಗೊತ್ತೇ ಇರಲಿಲ್ಲ" ಎಂದು ಒಮ್ಮೆ ಹೇಳಿದಳು. ಅವಳ ಕಣ್ಣು ತುಂಬಿತ್ತು. ಮೇಸ್ತ್ರಿಗೆ ತಲೆ ಎತ್ತಲಾಗಲಿಲ್ಲ.

ಮರ ನಿಂತಲ್ಲೇ ಒಣಗಿತು. ಅಜ್ಜಿಯ ಮಾತಿನಂತೆ, ಪೂರ್ತಿ.

ಒಣಮರ ಯಾರ ಮೇಲಾದರೂ ಬಿದ್ದೀತು ಎಂದು ಒಂದು ರಜೆಯ ದಿನ ಅವನೇ ಅದನ್ನು ಉರುಳಿಸಿದ. ಮೂರು ಮತ್ತೊಂದು ಎಳೆತಕ್ಕೆ ಗರಗಸ ಆಚೆ ಬಂತು, ಬೆಣ್ಣೆಯ ಹಾಗೆ. ಮರ ಹಿತ್ತಲಿಗಡ್ಡ ಮಲಗಿತು. ಹೆಂಡತಿ ಒಣಕೊಂಬೆಗಳನ್ನು ಒಟ್ಟು ಮಾಡಲು ಬಂದವಳು ತುದಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ಮಣ್ಣನ್ನು ಸೆರಗಿನಿಂದ ಒರೆಸಿ, ಕೊಯ್ದ ಜಾಗದ ಮೇಲೆ ಬೆರಳಿಟ್ಟಳು.

"ಇದು ಗಾಳಿಗೆ ಮುರಿದದ್ದಲ್ಲ" ಎಂದಳು.

ಮೇಸ್ತ್ರಿ ಗರಗಸವನ್ನು ಮರದ ಹಿಂದಕ್ಕೆ ಸರಿಸಿದ.

"ಇಷ್ಟು ನುಣ್ಣಗೆ ಕೊಯ್ಯೋ ಕೈ ನಂಗೆ ಗೊತ್ತು. ನೀವು ಸರಿಮಾಡಿದ ಹಾಸ್ಟೆಲ್ ಬಾಗಿಲು ನಾನು ದಿನಾ ತೆಗೆದು ಮುಚ್ತೀನಿ." ಬೆರಳು ಅಲ್ಲೇ ಇಟ್ಟುಕೊಂಡು, "ಯಾಕೆ ರೀ?" ಎಂದು ಕೇಳಿದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಆಗ ಹೊರಬಂತು. "ಯಾಕೆ ಅಂದ್ರೆ? ಅವನು ನೆಟ್ಟ ಮರ. ಬೆಳಗಾದ್ರೆ ನೀನು ಅದರ ಕೆಳಗೆ ಕೂತು ನಗ್ತಿದ್ದೆ. ನಾನು ಯಾರು ಈ ಮನೇಲಿ? ಬಾಗಿಲಿಗೆ ಬೋಲ್ಟ್ ಹಾಕೋನು! ಹೊಟ್ಟೆ ಉರೀತಿತ್ತು ನಂಗೆ, ಹೊಟ್ಟೆ!"

ಅವಳು ಅರ್ಥವಾಗದವಳ ಹಾಗೆ ಅವನನ್ನೇ ನೋಡಿದಳು.

"ಯಾರು ನೆಟ್ಟಿದ್ದು?"

"ಅಂಚೆಯಣ್ಣನ ಮರ ಅಂತ ಊರೇ ಹೇಳಲ್ವಾ?"

"ಅವರು ನೆಟ್ಟಿದ್ದು ಹಳೇ ಮರ ರೀ. ಅದು ಅವರು ಹೋದ ಮಾರನೇ ವರ್ಷನೇ ಗಾಳಿಗೆ ಬಿದ್ದುಹೋಯ್ತು. ಅದೇ ಜಾಗದಲ್ಲಿ ಇದು ಎದ್ದಾಗ, ಅದರ ಬೇರಿಂದಲೇ ಚಿಗುರಿದ್ದು ಅಂದ್ಕೊಂಡು ಜನ ಹೆಸರೂ ಅದನ್ನೇ ಅಂದ್ರು. ಮೇಷ್ಟ್ರು ಈ ಓಣಿಗೆ ಬಂದಿದ್ದೇ ಆಮೇಲೆ, ಅವರಿಗೇನು ಗೊತ್ತು?" ಅವಳು ಮಲಗಿದ್ದ ಮರದ ಮೇಲೆ ಅಂಗೈ ಇಟ್ಟಳು. "ಇದನ್ನ ನೆಟ್ಟಿದ್ದು ನಾನು. ನೀವು ಮೊದಲನೇ ಸಲ ಹಾಸ್ಟೆಲ್ಲಿಗೆ ಬಂದ್ರಲ್ಲ, ಅವತ್ತು ಪೇಟೆಯಿಂದ ತಂದ ಅಗಸೆ ಹೂವು ಹುರಿದು ಬಡಿಸಿದ್ದೆ. ಮೂರು ಸಲ ಹಾಕಿಸ್ಕೊಂಡ್ರಿ. ಇದು ದಿನಾ ಸಿಗೋದಾದ್ರೆ ನಾನು ಈ ಅಡುಗೆಮನೆ ಬಿಟ್ಟು ಕದಲಲ್ಲ ಅಂದ್ರಿ. ನಿಮಗೆ ನೆನಪಿಲ್ಲ. ನಾನು ಮನೆಗೆ ಬಂದು ಡಬ್ಬದಲ್ಲಿದ್ದ ಬೀಜ ಹುಡುಕಿ ಅವತ್ತು ಸಂಜೆನೇ ಊರಿದೆ. ನಿಮ್ಮನ್ನ ಇನ್ನೊಂದು ಸಲ ನೋಡ್ತೀನೋ ಇಲ್ವೋ ಅನ್ನೋದೂ ಗೊತ್ತಿರಲಿಲ್ಲ. ಈ ವಯಸ್ಸಲ್ಲಿ ಇದೇನು ಹುಚ್ಚು ಅಂತ ನನಗೇ ನಗು ಬರ್ತಿತ್ತು. ದಿನಾ ಬೆಳಿಗ್ಗೆ ಅದನ್ನೇ ನೆನೆಸ್ಕೊಂಡು ನಗ್ತಿದ್ದೆ."

"ನಾನು ಬಂದಾಗಲೇ ತೊಡೆ ದಪ್ಪ ಇತ್ತು. ಎರಡು ವರ್ಷಕ್ಕೆ ಅಷ್ಟು ಆಗುತ್ತಾ?" ಮೇಸ್ತ್ರಿಯ ಬಾಯಿಂದ ಬಂದದ್ದು ಇದೊಂದೇ ಮಾತು.

"ಅಗಸೆ ಆಗುತ್ತೆ."

ಅವನು ಬುಡದ ಕಡೆಗೆ ತಿರುಗಿ ನೋಡಿದ. ಕೊಯ್ದ ಮುಖ ಬೆಳ್ಳಗೆ, ಬೆಂಡಿನ ಹಾಗೆ, ಎಳೆಯ ಮರ. ಯಾವ ಬಡಗಿಗಾದರೂ ಒಂದು ನೋಟಕ್ಕೆ ತಿಳಿಯುವಂಥದ್ದು. ಅವನು ಅದನ್ನು ಹೊರಗಿನಿಂದ ಅಪ್ಪಿ ಅಳೆದಿದ್ದನೇ ಹೊರತು ಅವಳನ್ನು ಒಂದು ಮಾತು ಕೇಳಿರಲಿಲ್ಲ.

"ಅವರನ್ನ ನಾನು ನೆನೆಸ್ಕೊಂಡು ಎಷ್ಟೋ ಕಾಲ ಆಯ್ತು" ಎಂದಳು ಅವಳು ಏಳುತ್ತ. "ಒಳ್ಳೆಯವರು, ಹೋದ್ರು. ದಿನಾ ಅವರನ್ನ ನೆನೆಸ್ಕೊಂಡು ಈ ಮನೇಲಿ ಇಟ್ಕೊಂಡಿದ್ದೋರು ನೀವು." ಒಟ್ಟು ಮಾಡಿದ್ದ ಕಡ್ಡಿಗಳನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಮೇಸ್ತ್ರಿ ಮರದ ಮೇಲೆ ಕೂತ. ಗೇಟಿನ ಸದ್ದಾಯಿತು. ಮಗಳ ಮನೆಯಿಂದ ವಾಪಸಾಗಿದ್ದ ಆಡಿನಜ್ಜಿ ಕೋಲೂರಿಕೊಂಡು ಬಂದಳು. ಸುದ್ದಿ ಅವಳಿಗೆ ದಾರಿಯಲ್ಲೇ ತಲುಪಿತ್ತು. ಬಿದ್ದ ಮರವನ್ನೂ ಅದರ ಮೇಲೆ ಕೂತವನನ್ನೂ ನೋಡಿ ಲೊಚಗುಟ್ಟಿದಳು.

"ಛೆ, ಛೆ! ಜನಕ್ಕೆ ಕೊಟ್ಟು ಕೊಟ್ಟು ಕಳ್ಕೊಂಡ್ಯಲ್ಲೋ. ನಾನು ಅವತ್ತೇ ಹೇಳಿದ್ದೆ. ಓಣಿಯೆಲ್ಲಾ ಮರುಗ್ತಾ ಇದೆ, ಪಾಪ, ಮೇಸ್ತ್ರಿ ಮರ ಹೋಯ್ತು ಅಂತ."

ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

"ಹೌದಜ್ಜಿ" ಎಂದ ಮೇಸ್ತ್ರಿ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. "ನಂದೇ ಮರ ಆಗಿತ್ತು."

ಅಜ್ಜಿ ಅವನ ತಲೆಯ ಮೇಲೆ ಕೈಯಿಟ್ಟು, ಅಳಬೇಡ ಸುಮ್ಮನಿರು, ಇನ್ನೊಂದು ನೆಟ್ಟರಾಯಿತು ಎಂದು ಸಮಾಧಾನ ಮಾಡತೊಡಗಿದಳು. ಪಾತ್ರೆಯ ಸದ್ದು ಬಹಳ ಹೊತ್ತು ಮತ್ತೆ ಕೇಳಿಸಲಿಲ್ಲ.